ರಜೆಯ ದಿನವೂ ಎರಡು ಗಾಲಿಯೂ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಘದ ಹಿರಿಯರು ಹೇಳಿ ಕಳುಹಿಸಿದಾಗ ನಾವು ಬಹಳ ಹಿಂದೆಮುಂದೆ ನೋಡಿದೆವು. ಕದಂಬರ ಮೇಲೆ ಬರೆಯಬಲ್ಲವರು ನಮ್ಮಲ್ಲಿದ್ದಾರೆ. ಹಂಪೆಯ ಮೇಲೆ ಬರೆಯಬಲ್ಲವರಿದ್ದಾರೆ. ಏಕೀಕರಣದ ಸಂಗತಿಗಳನ್ನು ಮನೆಯ ಹಿರಿಯರ ಬಾಯಿಂದಲೇ ಕೇಳಿ ಬರೆಯಬಲ್ಲವರೂ ಇದ್ದಾರೆ. ಬೆಳಗಿನಿಂದ ಸಂಜೆಯ ತನಕ ಕೌಂಟರಿನ ಹಿಂದೆ ಕುಳಿತು ಅನ್ಯರ ಹಣದ ಲೆಕ್ಕ ಬರೆಯುವ ನಮಗೆ ಯಾವ ಇತಿಹಾಸ ತಿಳಿದೀತು? ಈ ಸಂಕೋಚವನ್ನು ತೋಡಿಕೊಂಡಾಗ ಅವರು ನಕ್ಕು, “ರವಿವಾರಕ್ಕೊಮ್ಮೆ ಸೈಕಲ್ಲು ಏರಿ ಊರಾಚೆ ಹೋಗುತ್ತೀರಲ್ಲ, ಅದನ್ನೇ ಬರೆಯಿರಿ. ಅದಕ್ಕೂ ಒಂದು ಇತಿಹಾಸ ಇದ್ದೇ ಇರಬೇಕು” ಎಂದರು. ಇದೆ. ಹುಡುಕುತ್ತ ಹೋದ ಹಾಗೆ ಅದು ನಮ್ಮಂಥ ಗುಮಾಸ್ತರದೇ ಇತಿಹಾಸವೆಂದು ಕಂಡುಬಂದದ್ದು ನಮಗೂ ಸೋಜಿಗವೇ ಆಯಿತು. ಆದುದರಿಂದ ಈ ಬರವಣಿಗೆ.

ಕಳೆದ ಫಾಲ್ಗುಣದ ಒಂದು ರವಿವಾರ. ಸಂಘದ ಗೆಳೆಯರು ನಾವು ಐವರು, ಜೊತೆಗೆ ನಮ್ಮೊಬ್ಬ ಗೆಳೆಯರ ಹನ್ನೆರಡು ವರ್ಷದ ಮಗ, ಇನ್ನೂ ಬೆಳಕು ಹರಿಯುವ ಮೊದಲೇ ಪುಣೆಯ ಮನೆಗಳನ್ನು ಬಿಟ್ಟೆವು. ಕೊಂಢವಾ ದಾಟಿ ಬೋಪದೇವ ಘಾಟನ್ನು ಅರ್ಧ ತುಳಿದು, ಅರ್ಧ ಸೈಕಲ್ಲು ತಳ್ಳಿಕೊಂಡು ಹತ್ತಿ, ಆಚೆಗೆ ಇಳಿದಾಗ ಸೂರ್ಯ ಮೇಲೆ ಬಂದಿದ್ದ. ದೊಡ್ಡ ರಸ್ತೆ ಬಿಟ್ಟು ಭಿವರಿ, ಚಾಂಬಳಿಗಳ ಕಡೆಯ ಸಣ್ಣ ಹಾದಿ ಹಿಡಿದೆವು. ಎಲೆ ಉದುರಿಸಿದ ಮುತ್ತುಗದ ಮರಗಳು ಕೆಂಡದಂಥ ಹೂ ಹೊತ್ತು ನಿಂತಿದ್ದವು. ಮಾವು ಹೂ ಬಿಟ್ಟಿತ್ತು. ಬೇವು ಚಿಗುರುತ್ತಿತ್ತು. ಅಂಜೂರದ ತೋಟಗಳಲ್ಲಿ ನೀರು ಹಾಯಿಸುವ ಸದ್ದು ಬಿಟ್ಟರೆ ನಮ್ಮ ಚೈನುಗಳ ಸದ್ದೊಂದೇ. ಒಂದು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಳ್ಳುವಾಗ ಆ ಹುಡುಗ ಕೇಳಿದ: “ಕಾಕಾ, ಏನೂ ಕೆಲಸ ಇಲ್ದ ಸೈಕಲ್ ತುಳಿಯೋದನ್ನ ಮೊದಲು ಯಾರು ಸುರು ಮಾಡಿದ್ರು?”

ಪ್ರಶ್ನೆ ಅವನ ಅಜ್ಜನದು. ಸೈಕಲ್ಲೆಂದರೆ ಹಾಲು ತರಲು, ಹಿಟ್ಟು ಬೀಸಿಸಿ ತರಲು, ನೌಕರಿಗೆ ಹೋಗಲು ಇರುವ ವಸ್ತು. ಹೋಗಬೇಕಾದ ಊರಿಲ್ಲದೆ, ಮಾಡಬೇಕಾದ ಕೆಲಸವಿಲ್ಲದೆ ಅರವತ್ತು ಕಿಲೋಮೀಟರ್ ತುಳಿದು ಬರುವವರು ಯಾವ ಪೈಕಿ ಎಂದು ಊರಿನಿಂದ ಬಂದ ಅಜ್ಜ ಹಿಂದಿನ ರಾತ್ರಿ ಕೇಳಿದ್ದರಂತೆ. ಆಗ ನಮಗೆ ಉತ್ತರ ತಿಳಿದಿರಲಿಲ್ಲ. ಈಗ ಅಷ್ಟಿಷ್ಟು ತಿಳಿದಿದೆ.

ಬಿಡುವಿನ ದಿನ ಹಳ್ಳಿಗಾಡಿನ ಹಾದಿಯಲ್ಲಿ ಸಾವಕಾಶವಾಗಿ ಸೈಕಲ್ಲು ತುಳಿಯಬೇಕಾದರೆ ಮೂರು ಸಾಮಗ್ರಿ ಕೂಡಿಬರಬೇಕು. ಒಂದು, ಸಾಮಾನ್ಯನಿಗೆ ನಿಲುಕುವ ಯಂತ್ರ. ಎರಡು, ಸಂಬಳಕ್ಕೆ ಧಕ್ಕೆ ತಾರದ ರಜೆ. ಮೂರು, ಬರಿದಾದ ಹಾದಿ. ಈ ಮೂರೂ ಮೊದಲು ಒಟ್ಟಿಗೆ ಕೂಡಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಇಂಗ್ಲೆಂಡಿನಲ್ಲಿ. ಆದುದರಿಂದ ವಾಚಕರು ನಮ್ಮೊಡನೆ ಆ ದೇಶದ ಕಡೆಗೊಮ್ಮೆ ಬರಬೇಕು.

ಯಂತ್ರದ ಕಥೆ ಜರ್ಮನಿಯಲ್ಲಿ ಮೊದಲಾಗುತ್ತದೆ. 1817ರಲ್ಲಿ ಮಾನ್‌ಹೈಮ್ ಊರಿನ ಕಾರ್ಲ್ ಡ್ರೈಸ್ ಎಂಬವನು ಒಂದರ ಹಿಂದೊಂದು ಎರಡು ಗಾಲಿ ಇಟ್ಟು, ನಡುವೆ ಕುಳಿತು, ನೆಲವನ್ನು ಕಾಲಿನಿಂದ ಒದೆಯುತ್ತ ಸಾಗುವ ಮರದ ಗಾಡಿ ಮಾಡಿದ. ಪೆಡಲು ಬಂದದ್ದು 1860ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ. ಇಂಗ್ಲಿಷರು ಅದಕ್ಕೆ ‘ಎಲುಬು ಅಲುಗಿಸುವ ಗಾಡಿ’ ಎಂಬರ್ಥದ ಹೆಸರಿಟ್ಟರೆಂದ ಮೇಲೆ ಅದರ ಸುಖವನ್ನು ನಾವು ಬಣ್ಣಿಸಬೇಕಿಲ್ಲ. ಬಳಿಕ 1870ರ ದಶಕದಲ್ಲಿ ಮುಂದಿನ ಗಾಲಿ ಎದೆಯೆತ್ತರಕ್ಕೆ ಬೆಳೆದು, ಹಿಂದಿನದು ಗೇಣೆರಡು ಗೇಣಿಗೆ ಇಳಿದ ಎತ್ತರದ ಬೈಸಿಕಲ್ಲು ಬಂದಿತು. ಅದರ ಮೇಲಿಂದ ಬಿದ್ದವನು ತಲೆಕೆಳಗಾಗಿಯೇ ಬೀಳುತ್ತಿದ್ದ. ಅದು ಎಳೆವಯಸ್ಸಿನ, ಹಣವುಳ್ಳ, ಮೂಳೆ ಗಟ್ಟಿಯಿದ್ದ ಗಂಡಸರ ಆಟವಾಗಿತ್ತು. ಹೆಂಗಸರಿಗೂ ವಯಸ್ಸಾದವರಿಗೂ ಅಲ್ಲಿ ಸ್ಥಳವಿರಲಿಲ್ಲ.

1885ರಲ್ಲಿ ಕಾವೆಂಟ್ರಿ ಪಟ್ಟಣದ ಜಾನ್ ಕೆಂಪ್ ಸ್ಟಾರ್ಲಿ ಎಂಬವನು ‘ರೋವರ್’ ಎಂಬ ಬೈಸಿಕಲ್ಲನ್ನು ಹೊರತಂದ. ಎರಡೂ ಗಾಲಿ ಹೆಚ್ಚುಕಡಿಮೆ ಸಮ, ನಡುವೆ ಪೆಡಲು, ಪೆಡಲಿನಿಂದ ಹಿಂದಿನ ಗಾಲಿಗೆ ಚೈನು. ಇಂದು ನಮ್ಮ ಓಣಿಯಲ್ಲಿ ನಿಂತಿರುವ ಸೈಕಲ್ಲಿನ ಅಸ್ಥಿಪಂಜರ ಅಂದೇ ಸಿದ್ಧವಾಯಿತೆನ್ನಬಹುದು. ಮೂರು ವರ್ಷಗಳಲ್ಲಿ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದ. ಅವನಿಗಿಂತ ನಾಲ್ಕು ದಶಕ ಮೊದಲೇ ರಾಬರ್ಟ್ ತಾಮ್ಸನ್ ಎಂಬವನಿಗೆ ಈ ಯುಕ್ತಿ ಹೊಳೆದಿತ್ತು; ಆದರೆ ಆಗ ಸೈಕಲ್ಲೇ ಇರಲಿಲ್ಲ.

ಇನ್ನು ಬೆಲೆಯ ಮಾತು. ಇಲ್ಲಿ ವಾಣಿಜ್ಯ ಓದಿದ ನಮಗೆ ತುಸು ಉತ್ಸಾಹ ಹೆಚ್ಚು, ಓದುಗರು ಮನ್ನಿಸಬೇಕು. 1890ರ ದಶಕದ ನಡುವೆ ಒಳ್ಳೆಯ ಸೈಕಲ್ಲಿಗೆ ಹತ್ತು-ಹದಿನೈದು ಪೌಂಡು, ಕೆಲವಕ್ಕೆ ಅದಕ್ಕೂ ಹೆಚ್ಚು. ವಾರಕ್ಕೆ ಒಂದೂವರೆ, ಎರಡು ಪೌಂಡು ತರುವ ಗುಮಾಸ್ತನಿಗೆ ಅದು ಎರಡು ತಿಂಗಳ ಸಂಬಳ. ಕಂತಿನ ಮೇಲೆಯೋ ಕೈಬದಲಾದ ಮಾಲೋ ಕೊಳ್ಳಬೇಕು. ಅಷ್ಟರಲ್ಲಿ ಸೈಕಲ್ ಕಂಪನಿಗಳ ಷೇರುಗಳಿಗೆ ಹುಚ್ಚು ಹಿಡಿಯಿತು. 1896ರಲ್ಲಿ ಅರ್ನೆಸ್ಟ್ ಟೆರಾ ಹೂಲಿ ಎಂಬ ವ್ಯವಹಾರಸ್ಥ ಡನ್‌ಲಪ್ ಕಂಪನಿಯನ್ನು 30 ಲಕ್ಷ ಪೌಂಡಿಗೆ ಕೊಂಡು, ಅದೇ ವರ್ಷ 50 ಲಕ್ಷ ಪೌಂಡಿಗೆ ಸಾರ್ವಜನಿಕರಿಗೆ ಮಾರಿದ. ದಿನಬೆಳಗಾದರೆ ಹೊಸ ಕಂಪನಿ, ಹೊಸ ಕಾರಖಾನೆ. ಕೊಳ್ಳುವವರಿಗಿಂತ ಮಾಡುವವರು ಹೆಚ್ಚಾದರು. 1898ರಲ್ಲಿ ಹೂಲಿ ದಿವಾಳಿಯೆದ್ದ. ಕಂಪನಿಗಳು ಸಾಲುಸಾಲಾಗಿ ಮುಳುಗಿದವು. ಸೈಕಲ್ಲಿನ ಬೆಲೆ ಇಳಿಯುತ್ತ ಹೋಯಿತು. ಷೇರುದಾರನ ನಷ್ಟವೇ ಗುಮಾಸ್ತನ ಲಾಭವಾಯಿತು. ಇಂಥ ಜಮಾ-ಖರ್ಚನ್ನು ನಾವು ಯಾವ ಲೆಜರಿನಲ್ಲಿಯೂ ಕಂಡಿಲ್ಲ.

ಎರಡನೆಯ ಸಾಮಗ್ರಿ ರಜೆ. ಯಂತ್ರವನ್ನು ಬುದ್ಧಿವಂತನೊಬ್ಬ ಕಂಡುಹಿಡಿದಾನು. ರಜೆಯನ್ನು ಮಾತ್ರ ಕೇಳಿ, ಬೇಡಿ, ಹೋರಾಡಿಯೇ ಪಡೆಯಬೇಕು. ಇಂಗ್ಲೆಂಡಿನ 1850ರ ಕಾರಖಾನೆ ಕಾಯಿದೆ ಬಟ್ಟೆಯ ಗಿರಣಿಗಳ ಹೆಂಗಸರು, ಎಳೆಯರು ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ದುಡಿಯಕೂಡದೆಂದು ವಿಧಿಸಿತು. ಶನಿವಾರದ ಅರ್ಧ ರಜೆ ಅಲ್ಲಿಂದ ಮೆಲ್ಲಮೆಲ್ಲನೆ ಹರಡಿತು. ಅಂಗಡಿಯ ನೌಕರರಿಗಂತೂ ವಾರಕ್ಕೊಂದು ಅರ್ಧ ದಿನದ ಬಿಡುವು ಕಾಯಿದೆಯಿಂದ ದೊರೆತದ್ದು 1911ರಲ್ಲಿ.

ನಮ್ಮ ಕಸುಬಿನವರು ಹೆಮ್ಮೆಪಡಬೇಕಾದ ಸಂಗತಿಯೊಂದು ಇಲ್ಲಿ ಬರುತ್ತದೆ. 1871ರಲ್ಲಿ ಸರ್ ಜಾನ್ ಲಬಕ್ ಎಂಬ ಪಾರ್ಲಿಮೆಂಟ್ ಸದಸ್ಯರು, ಸ್ವತಃ ಬ್ಯಾಂಕ್ ಮನೆತನದವರು, ಬ್ಯಾಂಕ್ ರಜೆಗಳ ಕಾಯಿದೆಯನ್ನು ತಂದರು. ಇಂಗ್ಲೆಂಡಿಗೆ ನಾಲ್ಕು ದಿನ: ಈಸ್ಟರಿನ ಸೋಮವಾರ, ವಿಟ್ಸನ್ ಹಬ್ಬದ ಸೋಮವಾರ, ಆಗಸ್ಟಿನ ಮೊದಲ ಸೋಮವಾರ, ಕ್ರಿಸ್‌ಮಸ್ಸಿನ ಮರುದಿನ. ಆ ದಿನ ವಾಯಿದೆ ಮುಗಿಯುವ ಹುಂಡಿಗಳ ಹಣವನ್ನು ಮರುದಿನ ಕೊಟ್ಟರೆ ಸಾಕೆಂದು ಕಾಯಿದೆ ಹೇಳಿತು. ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲೆ ವ್ಯಾಪಾರ ಹೇಗೆ ನಡೆದೀತು? ಕಚೇರಿ, ಅಂಗಡಿ, ಕಾರಖಾನೆಗಳೂ ಒಂದೊಂದಾಗಿ ಬಾಗಿಲೆಳೆದವು. ಬ್ಯಾಂಕಿನ ಗುಮಾಸ್ತನಿಗೆಂದು ಬಂದ ರಜೆ ನಾಡಿನ ರಜೆಯಾಯಿತು. ಆ ನಾಲ್ಕರಲ್ಲಿ ಮೊದಲಿನೆರಡೂ ಬೀಳುವುದು ವಸಂತದಲ್ಲಿ ಎಂಬುದನ್ನು ಓದುಗರು ನೆನಪಿಡಬೇಕು. ಅಷ್ಟೇ ಅಲ್ಲ, ಸೈಕಲ್ಲಿನಲ್ಲಿ ಊರೂರು ಸುತ್ತುವವರ ಮೊದಲ ದೊಡ್ಡ ಸಂಘ ಹಾರೋಗೇಟ್ ಪಟ್ಟಣದಲ್ಲಿ ಹುಟ್ಟಿದ್ದು 1878ರ ಆಗಸ್ಟ್ 5ರಂದು. ಅದೂ ಆಗಸ್ಟಿನ ಮೊದಲ ಸೋಮವಾರ, ಬ್ಯಾಂಕ್ ರಜೆಯ ದಿನವೇ!

ಮೂರನೆಯ ಸಾಮಗ್ರಿಯಾದ ಹಾದಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಒಂದು ಕಾಲಕ್ಕೆ ಇಂಗ್ಲೆಂಡಿನ ಹೆದ್ದಾರಿಗಳಲ್ಲಿ ನಾಲ್ಕು ಕುದುರೆಯ ಸಾರೋಟುಗಳು ಹಗಲಿರುಳು ಓಡುತ್ತಿದ್ದವು. ಹರದಾರಿಗೊಂದು ಛತ್ರ, ಛತ್ರಕ್ಕೊಂದು ಲಾಯ. 1830ರ ಮೇಲೆ ರೈಲುಗಾಡಿ ಬಂದದ್ದೇ ತಡ, ಸಾರೋಟುಗಳು ನಿಂತವು. ದಾರಿಯಲ್ಲಿ ಹುಲ್ಲು ಬೆಳೆಯಿತು. ಛತ್ರದವರು ಬಾಗಿಲಲ್ಲಿ ನಿಂತು ದಾರಿ ನೋಡಿದರು. ಐವತ್ತು ವರ್ಷ ಹೀಗೆ ಬರಿದಾಗಿ ಬಿದ್ದಿದ್ದ ಹಾದಿಗೆ ಬಂದವನು ಸೈಕಲ್ ಸವಾರ.

ಲಂಡನ್ನಿನಿಂದ ಸುಮಾರು ಇಪ್ಪತ್ತುಮೂರು ಮೈಲಿ ನೈರುತ್ಯಕ್ಕೆ, ಸರಿ ಕೌಂಟಿಯಲ್ಲಿ, ರಿಪ್ಲಿ ಎಂಬ ಹಳ್ಳಿಯಿದೆ. ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಮುಟ್ಟಿ, ಸಂಜೆಗೆ ಹಿಂದಿರುಗಲು ಹೇಳಿ ಮಾಡಿಸಿದ ದೂರ. ಅಲ್ಲಿಯ ‘ಆಂಕರ್’ ಎಂಬ ಹಳೆಯ ಛತ್ರವನ್ನು ಡಿಬಲ್ ಮನೆತನದ ತಾಯಿ-ಮಕ್ಕಳು ನಡೆಸುತ್ತಿದ್ದರು. ಧೂಳು ತುಂಬಿಕೊಂಡು ಬಂದ ಹುಡುಗರಿಗೆ ಬಿಸಿನೀರು, ಊಟ, ಒಳ್ಳೆಯ ಮಾತು ಮೂರೂ ಅಲ್ಲಿ ದೊರೆಯುತ್ತಿದ್ದವು. ಸವಾರರು ರಿಪ್ಲಿಯನ್ನು ತಮ್ಮ ‘ಮಕ್ಕಾ’ ಎಂದೇ ಕರೆದರು. ಅಕ್ಕತಂಗಿಯರಾದ ಆನಿ ಮತ್ತು ಹ್ಯಾರಿಯೆಟ್ ಡಿಬಲ್ ತೀರಿಕೊಂಡಾಗ ಸೈಕಲ್ ಸವಾರರೇ ಹಣ ಕೂಡಿಸಿ ಹಳ್ಳಿಯ ಚರ್ಚಿನಲ್ಲಿ ಅವರ ಸ್ಮಾರಕ ಮಾಡಿಸಿದರು. ರಾಜರಿಗೆ, ಸೇನಾಪತಿಗಳಿಗೆ ಸ್ಮಾರಕವಿರುವುದು ಸಹಜ. ಹಸಿದು ಬಂದವರಿಗೆ ಬಡಿಸಿದ ಹೆಂಗಸರಿಗೆ ಉಂಡವರೇ ಸ್ಮಾರಕ ಮಾಡಿಸಿದ್ದು ಅಪರೂಪ.

ಅಲ್ಲಿಯ ವಸಂತವೂ ನಮ್ಮ ವಸಂತವೂ ಒಂದೇ ಅಲ್ಲ. ನಮ್ಮಲ್ಲಿ ಚೈತ್ರವೆಂದರೆ ಬಿಸಿಲಿನ ಮುನ್ನುಡಿ. ಅಲ್ಲಿ ಅದು ಸೆರೆಯ ಬಿಡುಗಡೆ. ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ನಾಡು. ಅಂಥಲ್ಲಿ ಮಾರ್ಚಿಯ ಕೊನೆಗೆ ಹಗಲು ಬೆಳೆದು, ಹಾದಿಯ ದಿಬ್ಬಗಳಲ್ಲಿ ತಿಳಿಹಳದಿಯ ಪ್ರಿಮ್‌ರೋಜ್ ಅರಳುತ್ತದೆ. ಏಪ್ರಿಲ್ ಕಳೆಯುವಷ್ಟರಲ್ಲಿ ಕಾಡಿನ ನೆಲವೆಲ್ಲ ನೀಲಿಯ ಬ್ಲೂಬೆಲ್ ಹೂವು. ಮೇ ತಿಂಗಳಲ್ಲಿ ಹೊಲದ ಬೇಲಿಗಳಿಗೆಲ್ಲ ಬಿಳಿಯ ಹಾಥಾರ್ನ್ ಹೂವು. ಬೇಲಿಯೆಂದರೆ ತಂತಿಯ ಬೇಲಿಯಲ್ಲ. ಆಳೆತ್ತರದ ಜೀವಂತ ಗಿಡಗಳ ಬೇಲಿ. ಅಂಥ ಎರಡು ಬೇಲಿಗಳ ನಡುವೆ, ಒಂದು ಗಾಡಿ ಹಿಡಿಯುವಷ್ಟೇ ಅಗಲವಾಗಿ, ಹೊಲದ ಅಂಚನ್ನು ಅನುಸರಿಸಿ ಬಳಸಿ ಬಳಸಿ ಹೋಗುವ ಹಾದಿಯೇ ಅವರ ಹಳ್ಳಿಯ ಓಣಿ. ಚಳಿಗಾಲವೆಲ್ಲ ಮೂಲೆಯಲ್ಲಿದ್ದ ಸೈಕಲ್ಲಿಗೆ ಎಣ್ಣೆ ಹಾಕಿ, ಈಸ್ಟರಿನ ಹೊತ್ತಿಗೆ ಅಲ್ಲಿಗೆ ಹೊರಡುವುದೊಂದು ಹಬ್ಬವೇ ಆಯಿತು.

ಈ ಹಬ್ಬದಲ್ಲಿ ಯಾರು ಯಾರು ಇದ್ದರು? ದೊಡ್ಡವರೂ ಇದ್ದರು. 1895ರಲ್ಲಿ ಬರ್ನಾರ್ಡ್ ಷಾ ಮತ್ತು ಬರ್ಟ್ರಂಡ್ ರಸೆಲ್ ಇಬ್ಬರೂ ಸೈಕಲ್ಲಿನ ಮೇಲೆ ಹೋಗುತ್ತ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ಆದರೆ ಹಬ್ಬ ನಿಜವಾಗಿ ಚಿಕ್ಕವರದು. ಎಚ್. ಜಿ. ವೆಲ್ಸ್ 1896ರಲ್ಲಿ ಪ್ರಕಟಿಸಿದ ‘ದಿ ವ್ಹೀಲ್ಸ್ ಆಫ್ ಚಾನ್ಸ್’ ಕಾದಂಬರಿಯ ನಾಯಕ ಬಟ್ಟೆಯಂಗಡಿಯ ಸಹಾಯಕ. ವರ್ಷಕ್ಕೊಮ್ಮೆ ಸಿಕ್ಕುವ ಹತ್ತು ದಿನದ ರಜೆಯಲ್ಲಿ ಹಳೆಯ ಸೈಕಲ್ಲೇರಿ ದಕ್ಷಿಣಕ್ಕೆ ಹೊರಡುತ್ತಾನೆ. ರಜೆ ಮುಗಿದಾಗ ಮತ್ತೆ ಅದೇ ಅಂಗಡಿಗೆ ಬರುತ್ತಾನೆ. ವೆಲ್ಸ್ ಕೂಡ ಎಳೆತನದಲ್ಲಿ ಬಟ್ಟೆಯಂಗಡಿಯಲ್ಲಿ ದುಡಿದವರು. ಕೌಂಟರಿನ ಹಿಂದೆ ನಿಂತವನಿಗೆ ಬಯಲಿನ ಗಾಳಿ ಹೇಗಿರುತ್ತದೆಂದು ಅವರು ಯಾರನ್ನೂ ಕೇಳಬೇಕಿರಲಿಲ್ಲ.

1894ರಲ್ಲಿ ಬರ್ಮಿಂಗಮ್ಮಿನ ಕೆಲವು ತರುಣರು, ಟಾಮ್ ಗ್ರೂಮ್ ಎಂಬವನ ಮುಂದಾಳುತನದಲ್ಲಿ, ಕ್ಲಾರಿಯನ್ ಸೈಕಲ್ ಕ್ಲಬ್ಬನ್ನು ಕಟ್ಟಿದರು. ರಾಬರ್ಟ್ ಬ್ಲ್ಯಾಚ್‌ಫರ್ಡ್ ನಡೆಸುತ್ತಿದ್ದ ಸಮಾಜವಾದಿ ಪತ್ರಿಕೆಯ ಹೆಸರನ್ನೇ ಅದಕ್ಕಿಟ್ಟರು. ಮರುವರ್ಷದ ಈಸ್ಟರಿಗೆ ಡಾರ್ಬಿಷೈರಿನ ಆಷ್‌ಬರ್ನ್ ಎಂಬಲ್ಲಿ ಅವರ ಮೊದಲ ಸಮ್ಮೇಳನ ನಡೆಯಿತು. ದಾರಿಯ ಹಳ್ಳಿಗಳಲ್ಲಿ ಪತ್ರಿಕೆ ಹಂಚುವುದು, ಮರದ ಕೆಳಗೆ ಭಾಷಣ ಮಾಡುವುದು, ಚಹಾ ಕುಡಿಯುವುದು, ಹಾಡು ಹೇಳುವುದು. ಕಾರಖಾನೆಯ ಹೊಗೆಯಲ್ಲಿ ಬೆಳೆದವರಿಗೆ ತಮ್ಮ ನಾಡು ಹಸಿರಾಗಿದೆಯೆಂದು ಮೊದಲು ತೋರಿಸಿದ್ದು ಸೈಕಲ್ಲೇ ಎಂದರೆ ಅತಿಶಯೋಕ್ತಿಯಾಗಲಾರದು.

ಹೆಂಗಸರ ಪಾಲು ಬೇರೆಯಾಗಿಯೇ ಹೇಳಬೇಕು. ಹಾರೋಗೇಟಿನಲ್ಲಿ ಹುಟ್ಟಿದ ಆ ಸಂಘ, 1883ರಿಂದ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂಬ ಹೆಸರಿನದು, 1880ರಲ್ಲಿಯೇ ಮಹಿಳೆಯರನ್ನು ಸದಸ್ಯರನ್ನಾಗಿ ಮಾಡಿಕೊಂಡಿತ್ತು. ಆದರೆ ನೆಲ ಗುಡಿಸುವ ಲಂಗ ಉಟ್ಟು ಸೈಕಲ್ಲು ತುಳಿಯುವುದು ಹೇಗೆ? ಕೆಲವರು ಸಡಿಲವಾದ ಚಲ್ಲಣ ತೊಟ್ಟರು, ಸಭ್ಯರು ಹುಬ್ಬೇರಿಸಿದರು. 1898ರ ಅಕ್ಟೋಬರಿನಲ್ಲಿ ಲೇಡಿ ಹಾರ್ಬರ್ಟನ್ ಎಂಬ ಹಿರಿಯ ಮಹಿಳೆ ಆ ಉಡುಪಿನಲ್ಲಿ ಆಕಮ್ ಊರಿನ ‘ಹಾಟ್‌ಬಾಯ್’ ಹೋಟೆಲಿಗೆ ಹೋದಾಗ, ಒಡತಿ ಅವರನ್ನು ಕಾಫಿ ಕೋಣೆಗೆ ಬಿಡಲಿಲ್ಲ. ಬೇಕಾದರೆ ಗಂಡಸರು ಕುಡಿಯುವ ಕಡೆ ಕೂಡಬಹುದೆಂದಳು. ಸಂಘವೇ ಮೊಕದ್ದಮೆ ಹೂಡಿತು. 1899ರಲ್ಲಿ ತೀರ್ಪು ಒಡತಿಯ ಕಡೆಗೇ ಆಯಿತು. ಮೊಕದ್ದಮೆ ಸೋತಿತು, ಚಲ್ಲಣ ಗೆದ್ದಿತು. ನಮ್ಮ ದೇಶದಲ್ಲಿಯೂ 1990ರ ದಶಕದ ಮೊದಲಿಗೆ, ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಸಾಕ್ಷರತಾ ಆಂದೋಲನದಲ್ಲಿ, ಸಾವಿರಾರು ಹಳ್ಳಿಯ ಹೆಂಗಸರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿತರು. ಕರ್ನಾಟಕ ಸರಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ತಂದಿತು. ಊರಿನಲ್ಲಿ ನಮ್ಮ ತಂಗಿಗೂ ಒಂದು ಬಂದಿತು. ಶಾಲೆ ಬಿಟ್ಟ ಮೇಲೆ ಅವಳು ಕೆರೆಯ ಏರಿಯ ಮೇಲೆ ಎರಡು ಸುತ್ತು ಹೆಚ್ಚಾಗಿ ಹೊಡೆದು ಬರುತ್ತಿದ್ದುದು ಯಾವ ಕೆಲಸಕ್ಕೂ ಅಲ್ಲ.

ಇರಲಿ, ಮುಂದಿನ ಕಥೆಗೆ ಬರೋಣ. ಸೈಕಲ್ ಸವಾರರು 1886ರಲ್ಲಿ ರಸ್ತೆ ಸುಧಾರಣಾ ಸಂಘವೊಂದನ್ನು ಕಟ್ಟಿ, ರಸ್ತೆಗಳನ್ನು ಒಳ್ಳೆಯದಾಗಿ ಇಡಬೇಕೆಂದು ಅಧಿಕಾರಿಗಳ ಬೆನ್ನು ಹತ್ತಿದರು. ರಸ್ತೆ ಒಳ್ಳೆಯದಾಯಿತು. ಆದ ರಸ್ತೆಗೆ ಮೋಟಾರು ಬಂದಿತು. 1896ರ ಕಾಯಿದೆ ಮೋಟಾರಿಗೆ ಗಂಟೆಗೆ ಹದಿನಾಲ್ಕು ಮೈಲಿಯ ವೇಗ ಕೊಟ್ಟರೆ, 1903ರ ಕಾಯಿದೆ ಇಪ್ಪತ್ತಕ್ಕೆ ಏರಿಸಿತು. ಹೆದ್ದಾರಿಯಲ್ಲಿ ಧೂಳು ಎದ್ದಿತು. ತಾನೇ ಹದಗೊಳಿಸಿದ ದಾರಿಯಿಂದ ಸವಾರ ಪಕ್ಕಕ್ಕೆ ಸರಿದು ಬೇಲಿಯ ನಡುವಿನ ಓಣಿಗಳನ್ನು ಹಿಡಿದ. ಬಾರ್ತಲೊಮ್ಯೂ ಕಂಪನಿಯ ಮೈಲಿಗೆ ಅರ್ಧ ಅಂಗುಲದ ನಕಾಶೆಗಳಲ್ಲಿ ಯಾವ ಹಾದಿ ಹೇಗಿದೆಯೆಂದು ತಿದ್ದಿಕೊಟ್ಟವರು ಸಂಘದ ಸದಸ್ಯರೇ. ‘ಸೈಕ್ಲಿಂಗ್’ ಪತ್ರಿಕೆಗೆ 1893ರಿಂದ 1952ರಲ್ಲಿ ತೀರಿಕೊಳ್ಳುವವರೆಗೆ ಫ್ರ್ಯಾಂಕ್ ಪ್ಯಾಟರ್ಸನ್ ಬರೆದ ಶಾಯಿಯ ಚಿತ್ರಗಳಲ್ಲಿ ಈ ಓಣಿಗಳು, ಹಳೆಯ ಸೇತುವೆಗಳು, ಗೋಡೆಗೆ ಒರಗಿಸಿದ ಸೈಕಲ್ಲುಗಳು ಇಂದಿಗೂ ಉಳಿದಿವೆ. 1930ರಲ್ಲಿ ಯುವಕರ ವಸತಿಗೃಹಗಳ ಸಂಘ ಹುಟ್ಟಿ, ರಾತ್ರಿಗೊಂದು ಶಿಲ್ಲಿಂಗಿಗೆ ಹಾಸಿಗೆ ಕೊಟ್ಟಿತು. ಅಲ್ಲಿಂದ ಶನಿವಾರ ಹೊರಟವನು ರವಿವಾರ ರಾತ್ರಿ ಮನೆಗೆ ಬಂದರೂ ಜೇಬು ಬರಿದಾಗದಂತಾಯಿತು.

ಇದರ ನಡುವೆ ಒಂದು ದುಃಖವೂ ಇದೆ. 1914ರಿಂದ 1918ರ ಮಹಾಯುದ್ಧಕ್ಕೆ ಹೋದ ಈ ಕ್ಲಬ್ಬುಗಳ ತರುಣರಲ್ಲಿ ಅನೇಕರು ಹಿಂದಿರುಗಲಿಲ್ಲ. ಇಂಗ್ಲೆಂಡಿನ ನಟ್ಟನಡುವೆ ಇದೆಯೆಂದು ಹಿಂದಿನಿಂದ ನಂಬಿಕೊಂಡು ಬಂದ ಮೆರಿಡನ್ ಎಂಬ ಹಳ್ಳಿಯ ಹುಲ್ಲುಗಾವಲಿನಲ್ಲಿ 1921ರಲ್ಲಿ ಅವರ ನೆನಪಿಗೊಂದು ಕಲ್ಲಿನ ಕಂಬ ನಿಂತಿತು. ಮೇ ತಿಂಗಳಲ್ಲಿ, ಹಾದಿಯ ಬೇಲಿ ಬಿಳಿಯಾಗಿರುವಾಗ, ಸವಾರರು ಅಲ್ಲಿಗೆ ಸೈಕಲ್ಲಿನ ಮೇಲೆಯೇ ಬಂದು ತಲೆಬಾಗುವ ಪದ್ಧತಿ ನಡೆದುಬಂದಿದೆ.

ಬ್ರಿಟನ್ನಿನಲ್ಲಿ ಸೈಕಲ್ಲಿನ ಓಡಾಟ 1949ರ ಸುಮಾರಿಗೆ ತುತ್ತತುದಿ ಮುಟ್ಟಿ, 1970ರ ದಶಕದ ಮೊದಲಿಗೆ ಅದರ ಐದನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಮೋಟಾರು ಸೈಕಲ್ ಸವಾರನನ್ನಷ್ಟೇ ಅಲ್ಲ, ಅನೇಕ ಕಡೆ ರೈಲನ್ನೂ ನುಂಗಿತು. ಬ್ರಿಸ್ಟಲ್‌ನಿಂದ ಬಾತ್‌ಗೆ ಇದ್ದ ಹಳೆಯ ರೈಲುದಾರಿ ಮುಚ್ಚಿಹೋದ ಮೇಲೆ, 1979ರಿಂದ 1986ರವರೆಗೆ ಉತ್ಸಾಹಿಗಳು ಅದೇ ಹಾದಿಯ ಮೇಲೆ ಸೈಕಲ್ಲಿನ ದಾರಿ ಮಾಡಿದರು. ರೈಲು ರಸ್ತೆಯನ್ನು ಬರಿದುಮಾಡಿ ಸೈಕಲ್ಲಿಗೆ ಕೊಟ್ಟಿತ್ತು. ನೂರು ವರ್ಷದ ಮೇಲೆ ತನ್ನ ದಾರಿಯನ್ನೂ ಅದಕ್ಕೇ ಬಿಟ್ಟುಕೊಟ್ಟಿತು!

ಇನ್ನು ನಮ್ಮ ಮನೆಯ ಮಾತು. ನಮ್ಮ ದೇಶದಲ್ಲಿ ಸೈಕಲ್ಲು ಬಿಡುವಿನ ಸಾಧನವಾಗಿ ಬರಲಿಲ್ಲ, ದುಡಿಮೆಯ ಸಾಧನವಾಗಿ ಬಂದಿತು. ಸಾಹಸಿಗಳು ಇಲ್ಲದಿರಲಿಲ್ಲ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರಸೀ ತರುಣರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭೂಮಗರಾ ಎಂಬ ಮೂವರು ಜಗತ್ತನ್ನೇ ಸುತ್ತಿ 1928ರಲ್ಲಿ ಹಿಂದಿರುಗಿದರು. ಆದರೆ ಅದು ವೀರರ ಮಾತು. ಮದರಾಸಿನ ಟಿ. ಐ. ಸೈಕಲ್ಸ್ 1949ರಲ್ಲಿ, ಸೋನಿಪತದ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೋ 1956ರಲ್ಲಿ ಆರಂಭವಾದ ಮೇಲೆ ಕಪ್ಪು ಸೈಕಲ್ಲು ಮಾಸ್ತರ, ಪೋಸ್ಟಮನ್, ಗಿರಣಿಯ ಕೆಲಸಗಾರ, ಹಾಲಿನವರ ಅಂಗವೇ ಆಯಿತು. ಪುಣೆಯೂ ಒಂದು ಕಾಲಕ್ಕೆ ‘ಸೈಕಲ್ಲುಗಳ ನಗರ’ವೆಂದು ಹೆಸರಾಗಿತ್ತು. ನಮ್ಮ ತಂದೆಯವರು ಧಾರವಾಡದ ಕಡೆಯ ಹಳ್ಳಿಯ ಶಾಲೆಗೆ ಮೂವತ್ತು ವರ್ಷ ಸೈಕಲ್ಲು ತುಳಿದರು. ರವಿವಾರ ಅವರು ಅದನ್ನು ಮುಟ್ಟುತ್ತಿದ್ದುದು ಒರೆಸಿ ಎಣ್ಣೆ ಹಾಕುವುದಕ್ಕಷ್ಟೇ. ಅದಕ್ಕೂ ಒಂದು ವಿಶ್ರಾಂತಿ ಬೇಕೆಂದು ಹೇಳುತ್ತಿದ್ದರು. ತಮಗೆ ಬೇಕೆಂದು ಎಂದೂ ಹೇಳಲಿಲ್ಲ.

ರವಿವಾರವೂ ನಮಗೆ ಬಿಟ್ಟಿಯಾಗಿ ಬಂದದ್ದಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗಾಗಿ, ಜೋತಿಬಾ ಫುಲೆಯವರ ಸಹವರ್ತಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಅರ್ಜಿ ಬರೆದು, ಸಭೆ ಕೂಡಿಸಿ ಹೋರಾಡಿದರು. 1890ರ ಜೂನ್ 10ರಂದು ಗಿರಣಿಯ ಮಾಲೀಕರು ವಾರಕ್ಕೊಂದು ರವಿವಾರದ ರಜೆಗೆ ಒಪ್ಪಿದರು. ರವಿವಾರ ಖಂಡೋಬನ ದಿನ, ಅಂದು ಕೆಲಸಗಾರನಿಗೆ ದೇವರ ದರ್ಶನಕ್ಕೆ ಬಿಡುವು ಬೇಕೆಂಬುದೂ ಅವರ ವಾದವಾಗಿತ್ತು. ಬ್ಯಾಂಕಿನವರಾದ ನಮಗೆ ಎರಡನೆಯ, ನಾಲ್ಕನೆಯ ಶನಿವಾರಗಳ ರಜೆ ದೊರೆತದ್ದು 2015ರ ಸೆಪ್ಟೆಂಬರ್ 1ರಿಂದ. ಅದೂ ಸಂಘಟನೆಗಳ ಬಹುದಿನದ ಮಾತುಕತೆಯ ಫಲ. ಯಾರೋ ಹೋರಾಡಿ ತಂದುಕೊಟ್ಟ ಈ ದಿನವನ್ನು ನಾವು ಹೇಗೆ ಕಳೆಯುತ್ತೇವೆ? ಮಲಗಿ, ಇಲ್ಲವೆ ಕೈಯಲ್ಲಿ ಫೋನು ಹಿಡಿದು. ಪರಊರಿಗೆ ಬಂದು ಹತ್ತು ವರ್ಷವಾದರೂ ಮನೆ, ಕಚೇರಿ, ಸಂಘದ ಸಭಾಗೃಹ ಈ ಮೂರು ಬಿಟ್ಟು ನಾಲ್ಕನೆಯ ದಾರಿ ಕಾಣದವರು ನಮ್ಮಲ್ಲಿ ಎಷ್ಟೋ ಜನ. ಈ ದೋಷಾರೋಪ ಮೊದಲು ನಮ್ಮ ಮೇಲೆಯೇ.

ಆ ಫಾಲ್ಗುಣದ ರವಿವಾರಕ್ಕೆ ಮರಳೋಣ. ಊಟ ಮುಗಿಸಿ ಸಾಸವಡದ ಕಡೆ ಹೊರಟ ಸ್ವಲ್ಪ ಹೊತ್ತಿನಲ್ಲಿ ಹುಡುಗನ ಸೈಕಲ್ಲು ಪಂಕ್ಚರಾಯಿತು. ಟ್ಯೂಬು ಬಿಚ್ಚಿ ನೋಡಿದರೆ ನಮ್ಮ ಡಬ್ಬಿಯ ಸೊಲ್ಯೂಶನ್ ಒಣಗಿ ಕಲ್ಲಾಗಿತ್ತು. ಐದು ಜನ ಪದವೀಧರರು ಒಂದು ತೂತಿನ ಸುತ್ತ ನಿಂತು ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಹಳೆಯ ಕಪ್ಪು ಸೈಕಲ್ಲಿನ ಮೇಲೆ ಹಿರಿಯರೊಬ್ಬರು ಬಂದರು. ಹಣೆಯ ತುಂಬ ಅರಿಸಿನ. ಜೇಜುರಿಯ ಖಂಡೋಬನ ದರ್ಶನ ಮಾಡಿಕೊಂಡು ಊರಿಗೆ ಹೊರಟವರು. ಚೀಲದಿಂದ ಪ್ಯಾಚು, ಸೊಲ್ಯೂಶನ್ ತೆಗೆದು, ಟ್ಯೂಬನ್ನು ಕಲ್ಲಿನಿಂದ ತಿಕ್ಕಿ, ಹತ್ತು ನಿಮಿಷದಲ್ಲಿ ಗಾಳಿ ನಿಲ್ಲಿಸಿದರು. ಯಾವ ಕಡೆಯವರೆಂದು ಮರಾಠಿಯಲ್ಲಿ ಕೇಳಿದರು. ಧಾರವಾಡದ ಕಡೆಯವರು, ಕನ್ನಡದವರು ಎಂದು ನಾವು ಅದೇಕೋ ತುಸು ಅಳುಕಿನಿಂದಲೇ ಹೇಳಿದೆವು.

ಅವರ ಮುಖ ಅರಳಿತು. “ಹಾಗಾದರೆ ಮೈಲಾರದ ಕಡೆಯವರು! ನಮ್ಮ ಖಂಡೋಬಾ ನಿಮ್ಮ ಕಡೆಯಿಂದಲೇ ಅಲ್ಲವೇ ಬಂದದ್ದು?” ಎಂದರು. ನಮ್ಮ ಮೈಲಾರಲಿಂಗನೂ ಜೇಜುರಿಯ ಖಂಡೋಬನೂ ಒಬ್ಬನೇ ಎಂಬುದು ಎರಡೂ ನಾಡಿನ ಭಕ್ತರ ನಂಬಿಕೆ. ನಮ್ಮ ಹಳ್ಳಿಯಲ್ಲಿ ನಮ್ಮ ಅಜ್ಜಿ ಹಚ್ಚುತ್ತಿದ್ದುದೂ ಅದೇ ಭಂಡಾರ. ಹಣ ಕೊಡಹೋದರೆ ಅವರು ಕೈ ಹಿಂದೆ ಮಾಡಿಕೊಂಡರು. ಚೀಲದಿಂದ ಚಿಟಿಕೆ ಭಂಡಾರ ತೆಗೆದು ಹುಡುಗನ ಹಣೆಗೂ ನಮ್ಮೆಲ್ಲರ ಹಣೆಗೂ ಹಚ್ಚಿ, ಸೈಕಲ್ಲೇರಿ ಹೊರಟುಹೋದರು. ಹತ್ತು ವರ್ಷದಲ್ಲಿ ಪುಣೆ ನಮಗೆ ನೌಕರಿ ಕೊಟ್ಟಿತ್ತು, ಮನೆ ಕೊಟ್ಟಿತ್ತು. ನೀವೂ ನಮ್ಮವರೇ ಎಂಬ ಮಾತು ಕೇಳಲು ಮಾತ್ರ ನಾವು ಬೋಪದೇವ ಘಾಟ ಹತ್ತಿ ಬರಬೇಕಾಯಿತು. ಮೋಟಾರಿನಲ್ಲಿ ಹೋಗಿದ್ದರೆ ಅವರೂ ನಾವೂ ಒಬ್ಬರನ್ನೊಬ್ಬರು ದಾಟಿ ಹೋಗುತ್ತಿದ್ದೆವು.

ಆ ರಾತ್ರಿ ಊರಿಗೆ ಫೋನು ಮಾಡಿ, ಕೆಲಸವಿಲ್ಲದೆ ಅರವತ್ತು ಕಿಲೋಮೀಟರ್ ತುಳಿದು ಬಂದೆವೆಂದು ತಂದೆಯವರಿಗೆ ಹೇಳಿದೆವು. ಬೈಯುತ್ತಾರೆಂದುಕೊಂಡಿದ್ದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರುವಾಗ ಗಾಳಿ ಎದುರಿತ್ತೇನು?” ಎಂದಷ್ಟೇ ಕೇಳಿದರು. ಮೂವತ್ತು ವರ್ಷ ಎದುರುಗಾಳಿಯಲ್ಲಿ ತುಳಿದವರ ಪ್ರಶ್ನೆ ಅದು. ಈ ಸಲ ಸಂಕ್ರಮಣದ ಮೇಲೆ ಅವರು ನಮ್ಮಲ್ಲಿಗೆ ಬರುವವರಿದ್ದಾರೆ. ಘಾಟಿನ ಆಚೆಗೆ ಅವರನ್ನೂ ಸೈಕಲ್ಲುಗಳನ್ನೂ ಟೆಂಪೋದಲ್ಲಿ ಇಳಿಸಿಕೊಂಡು, ಅಲ್ಲಿಂದ ಚಾಂಬಳಿಯ ಹಾದಿಯಲ್ಲಿ ನಾಲ್ಕೈದು ಕಿಲೋಮೀಟರ್, ಯಾವ ಶಾಲೆಯ ಗಂಟೆಯ ಅವಸರವೂ ಇಲ್ಲದೆ, ಅವರನ್ನು ಮುಂದೆ ಬಿಟ್ಟು ಹಿಂದೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ.

ಸಂಘದ ಬಾಂಧವರಲ್ಲಿ ಬರುವ ಮನಸ್ಸುಳ್ಳವರು ಬರಬಹುದು. ಹೊಸ ಸೈಕಲ್ಲೇ ಬೇಕೆಂದಿಲ್ಲ. ಬ್ರೇಕು ಸರಿಯಿದ್ದರೆ ಸಾಕು. ಮಕ್ಕಳನ್ನು ಕರೆತನ್ನಿ, ಬುತ್ತಿ ತನ್ನಿ. ಸೊಲ್ಯೂಶನ್ ಡಬ್ಬಿಯನ್ನು ಈ ಸಲ ನಾವು ಹೊಸದಾಗಿ ಕೊಂಡಿದ್ದೇವೆ.